ಬೇಸಗೆಯ ರಂಗ ಮತ್ತು ನೇಪಥ್ಯದ ದುಡಿಮೆ: ಚೆಕಾಫನ ‘ಕಡಲಹಕ್ಕಿ’ಯನ್ನು ಕುರಿತು

ಆಂಟನ್ ಚೆಕಾಫನ ‘ಕಡಲಹಕ್ಕಿ’ಯನ್ನು ಕುರಿತು ನಮ್ಮ ತರಗತಿಗಳಲ್ಲಿ ನಡೆಯುವ ವ್ಯಾಖ್ಯಾನ ಬಹುಮಟ್ಟಿಗೆ ಎರಡು ಜಾಡುಗಳನ್ನು ಹಿಡಿದು ಸಾಗುತ್ತದೆ. ಗುಂಡೇಟಿಗೆ ಬಿದ್ದ ಹಕ್ಕಿ ಯಾವುದರ ಪ್ರತೀಕ ಎಂಬುದು ಒಂದು. ಯಾರು ಯಾರನ್ನು ಪ್ರೀತಿಸಿ ಯಾರಿಂದ ತಿರಸ್ಕೃತರಾದರು ಎಂಬುದು ಇನ್ನೊಂದು. ಎರಡಕ್ಕೂ ನಾಟಕದಲ್ಲಿ ಆಧಾರವುಂಟು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಂತೂ ಇವೆರಡರ ಹೊರತು ಮೂರನೆಯದನ್ನು ಕಾಣುವುದು ಅಪರೂಪ. ಆದರೆ ನಾಟಕ ತೆರೆದುಕೊಳ್ಳುವುದು ಹಕ್ಕಿಯ ಕೂಗಿನಿಂದಲೂ ಅಲ್ಲ, ಪ್ರೇಮಿಯ ನಿಟ್ಟುಸಿರಿನಿಂದಲೂ ಅಲ್ಲ, ಸುತ್ತಿಗೆಯ ಸದ್ದಿನಿಂದ. ಸರೋವರದ ಕಡೆಗೆ ಹೋಗುವ ಸಾಲುಮರದ ದಾರಿಗೆ ಅಡ್ಡಲಾಗಿ ಅವಸರದಲ್ಲಿ ಕಟ್ಟಿದ ಒಂದು ರಂಗಮಂಚ. ಇಳಿಬಿಟ್ಟ ಪರದೆಯ ಹಿಂದೆ ಯಾಕೋವನೆಂಬ ಆಳೂ ಅವನ ಜೊತೆಯವರೂ ಕೆಮ್ಮುತ್ತ ಮೊಳೆ ಹೊಡೆಯುತ್ತಿದ್ದಾರೆ. ಇಷ್ಟನ್ನು ನಾಟಕಕಾರನೇ ತನ್ನ ರಂಗಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾನೆ. ನೇಪಥ್ಯದ ದುಡಿಮೆಯಿಂದ ಆರಂಭವಾಗುವ ನಾಟಕವನ್ನು ನೇಪಥ್ಯದ ಕಡೆಯಿಂದಲೇ ಒಮ್ಮೆ ಏಕೆ ಓದಿ ನೋಡಬಾರದು? ಹಾಗೆ ಓದಿದಲ್ಲಿ ತ್ರೆಪ್ಲೆಫನನ್ನೂ ನೀನಾಳನ್ನೂ ಕುರಿತು ನಾವು ರೂಢಿಯಿಂದ ಕೊಡುತ್ತ ಬಂದಿರುವ ತೀರ್ಪು ಬದಲಾಗಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಮೊದಲು ‘ಬೇಸಗೆಯ ರಂಗ’ವೆಂದರೇನೆಂಬುದನ್ನು ತಿಳಿಯಬೇಕು. ನಮ್ಮ ನಾಡಿನಲ್ಲಿ ಬೇಸಗೆ ಬಯಲಾಟಗಳ ಕಾಲ. ಕೊಯ್ಲು ಮುಗಿದು ಗದ್ದೆ ಬರಿದಾದ ಮೇಲೆ ಆಟಕ್ಕೆ ಎಡೆಯೂ ಉಂಟು, ನೋಡುವವರಿಗೆ ಬಿಡುವೂ ಉಂಟು. ಪತ್ತನಾಜೆ ಬಂದೊಡನೆ ಕರಾವಳಿಯ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ರಷ್ಯದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ನಾಟಕದ ಋತು ಚಳಿಗಾಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ ಪ್ರಾಂತಗಳ ನಟನಟಿಯರು ಮಾಸ್ಕೋ ನಗರದಲ್ಲಿ ನೆರೆದು, ಮುಂದಿನ ಋತುವಿನ ಕರಾರಿಗಾಗಿ ಕಂಪೆನಿಯ ಯಜಮಾನರ ಎದುರು ಕಾದು ನಿಲ್ಲುತ್ತಿದ್ದರು. ಕರಾರು ಸಿಕ್ಕರೂ ಅದು ಚಳಿಗಾಲದ ಮಾತು. ನಡುವಣ ಬೇಸಗೆಗೆ ಸಂಬಳವಿಲ್ಲ. ಈ ಬೇಸಗೆಯಲ್ಲಿ ನಗರದ ಅನುಕೂಲಸ್ಥರು ಊರ ಹೊರಗಿನ ‘ದಾಚಾ’ ಎಂಬ ಬೇಸಗೆಮನೆಗಳಿಗೆ ಹೋಗುತ್ತಿದ್ದರು. ಅವರ ಬೆನ್ನು ಹಿಡಿದು ನಾಟಕವೂ ಹೋಗುತ್ತಿತ್ತು. ಎರಡು ರಾಜಧಾನಿಗಳಲ್ಲಿ ನಾಟಕದ ಮೇಲೆ ಸರಕಾರೀ ರಂಗಗಳಿಗಿದ್ದ ಏಕಸ್ವಾಮ್ಯ 1882ರಲ್ಲಿ ರದ್ದಾದ ಮೇಲೆ ಈ ಬಗೆಯ ಖಾಸಗಿ ಸಾಹಸಗಳಿಗೆ ದಾರಿ ಸಲೀಸಾಯಿತು. ರೈಲುದಾರಿಯ ಬದಿಯಲ್ಲಿ, ಮರಗಳ ನಡುವೆ, ಹಲಗೆಯ ಗೋಡೆಯ ನಾಟಕಶಾಲೆ. ಸಂಜೆಗೆ ಬೇಸರ ಕಳೆಯಲು ಬರುವ ಅದೇ ಅದೇ ಕುಟುಂಬಗಳು. ನೋಡಿದವರೇ ಮತ್ತೆ ಬರಬೇಕಾದ್ದರಿಂದ ನಾಟಕವನ್ನು ಮೇಲಿಂದ ಮೇಲೆ ಬದಲಾಯಿಸಲೇಬೇಕು. ಬದಲಾಯಿಸಬೇಕಾದರೆ ತಾಲೀಮಿಗೆ ಸಮಯವಿಲ್ಲ. ತಾಲೀಮಿಲ್ಲದಿದ್ದರೆ ಮಾತು ಎತ್ತಿಕೊಡುವವನೇ ಗತಿ. ಬೇಸಗೆಯ ರಂಗದ ನೇಪಥ್ಯಸಂಕಟಗಳೆಲ್ಲ ಈ ಒಂದು ಸರಪಳಿಯ ಕೊಂಡಿಗಳು. ಪ್ರೇಕ್ಷಕನಿಗೆ ಅದು ವಿಹಾರ, ನಟನಿಗೆ ಅದು ಹೊಟ್ಟೆಪಾಡು.

ಚೆಕಾಫನಿಗೆ ಇದೆಲ್ಲವೂ ಚೆನ್ನಾಗಿ ಗೊತ್ತಿತ್ತು. ತ್ರೆಪ್ಲೆಫನ ನಾಟಕವನ್ನು ಅವನು ಬೇಸಗೆಯ ರಂಗದ ಅತ್ಯಂತ ಚಿಕ್ಕ ಮಾದರಿಯಾಗಿ ರೂಪಿಸಿದ್ದಾನೆ: ಒಂದೇ ಮಂಚ, ಒಬ್ಬಳೇ ನಟಿ, ಒಂದೇ ಪ್ರದರ್ಶನ, ಮನೆಯವರೂ ಅತಿಥಿಗಳೂ ಸೇರಿ ಬೆರಳೆಣಿಕೆಯ ಪ್ರೇಕ್ಷಕರು. ಆದರೆ ದೊಡ್ಡ ರಂಗದ ತಾಪತ್ರಯಗಳಲ್ಲಿ ಒಂದೂ ಇಲ್ಲಿ ತಪ್ಪಿಲ್ಲ. ದೃಶ್ಯದ ಪರದೆಗಳಿಲ್ಲ, ಸರೋವರವೂ ದಿಗಂತವೂ ಹಿನ್ನೆಲೆ. ಚಂದ್ರ ಮೂಡುವ ಎಂಟೂವರೆ ಗಂಟೆಗೆ ಸರಿಯಾಗಿ ಪರದೆ ಏಳಬೇಕು. ಚಂದ್ರನೇನೋ ಹೇಳಿದ ಹೊತ್ತಿಗೆ ಬರುತ್ತಾನೆ. ನಟಿ ಬರುವಳೇ ಎಂಬುದೇ ಅನುಮಾನ. ಅವಳು ತಂದೆ ಮಲತಾಯಿಯರ ಕಾವಲನ್ನು ತಪ್ಪಿಸಿ ಕುದುರೆಯನ್ನು ಅಟ್ಟಿಕೊಂಡು ಬರಬೇಕು. ಬಂದವಳು ಅರ್ಧ ಗಂಟೆಯಲ್ಲಿ ಹಿಂದಿರುಗಬೇಕು. ರಂಗದ ಆಳುಗಳು ಕೆಲಸ ಮುಗಿಸಿ, ಸೆಕೆಗೆ ಒಂದಿಷ್ಟು ಮಿಂದು ಬರುತ್ತೇವೆಂದು ಹೊರಡುತ್ತಾರೆ. ಹತ್ತು ನಿಮಿಷದಲ್ಲಿ ತಮ್ಮ ತಮ್ಮ ಜಾಗದಲ್ಲಿರಬೇಕೆಂದು ತ್ರೆಪ್ಲೆಫ್ ತಾಕೀತು ಮಾಡುತ್ತಾನೆ. ಆಮೇಲೆ ಸ್ಪಿರಿಟ್ ಇದೆಯೇ, ಗಂಧಕ ಇದೆಯೇ ಎಂಬ ವಿಚಾರಣೆ. ಕೆಂಪು ಕಣ್ಣುಗಳು ಹೊಳೆಯುವಾಗ ಗಂಧಕದ ನಾತ ಬರಲೇಬೇಕೆಂಬ ಆಗ್ರಹ. ನಾಟಕವಾಡಿಸಿ ಅನುಭವವಿದ್ದವರಿಗೆ ಈ ಅರ್ಧ ಗಂಟೆಯ ತಳಮಳವನ್ನು ವಿವರಿಸಬೇಕಾದ್ದಿಲ್ಲ.

ಇಲ್ಲಿ ಒಂದು ಅಂಶ ಗಮನಾರ್ಹ. ತ್ರೆಪ್ಲೆಫ್ ತನ್ನ ಸೋದರಮಾವ ಸೋರಿನನೊಡನೆ ಹೊಸ ರೂಪಗಳು ಬೇಕೆಂದು ಬಹಳ ಆವೇಶದಿಂದ ಮಾತನಾಡುತ್ತಾನೆ. ವಿಮರ್ಶಕರು ಆ ಮಾತುಗಳನ್ನು ಒಂದು ಪ್ರಣಾಳಿಕೆಯಂತೆ ಎತ್ತಿ ಹಿಡಿಯುತ್ತಾರೆ. ಆದರೆ ಪರದೆಯ ಹಿಂದಿನವರೊಡನೆ ಅವನಾಡುವ ಮಾತುಗಳನ್ನು ನೋಡಿದರೆ ಅವುಗಳಲ್ಲಿ ಹೊಸತೇನೂ ಕಾಣದು. ಗಂಧಕದ ಹೊಗೆ, ಕೆಂಪು ದೀಪ: ಇವು ಯಾವ ಹಳೆಯ ರಂಗವನ್ನು ಅವನು ಹಳಿಯುತ್ತಾನೋ ಅದರ ಉಗ್ರಾಣದಿಂದಲೇ ಬಂದ ಸಾಮಾನುಗಳು. ಇನ್ನು ನಟಿಯೊಡನೆ ಅವನು ನಡೆಸುವ ಸಂಭಾಷಣೆ. ಈ ನಾಟಕವನ್ನು ಆಡುವುದು ಕಷ್ಟ, ಇದರಲ್ಲಿ ಜೀವವಿರುವ ಪಾತ್ರಗಳಿಲ್ಲ ಎಂದು ನೀನಾ ಹೇಳುತ್ತಾಳೆ. ಇದು ಕಸುಬಿನ ದೂರು. ಅದಕ್ಕೆ ಕಸುಬಿನ ಉತ್ತರ ಬೇಕು. ಎಲ್ಲಿ ನಿಲ್ಲಬೇಕು, ದನಿಯನ್ನು ಎಲ್ಲಿ ಏರಿಸಬೇಕು, ಯಾವ ಮಾತನ್ನು ಯಾರಿಗೆ ಎಂದು ಭಾವಿಸಿ ಆಡಬೇಕು ಎಂಬುದನ್ನು ಸೂತ್ರಧಾರನಾದವನು ಅವಳಿಗೆ ಕಲಿಸಿಕೊಡಬೇಕಾಗಿತ್ತು. ತ್ರೆಪ್ಲೆಫ್ ಕೊಡುವುದು ಸಿದ್ಧಾಂತ: ಬದುಕನ್ನು ಇರುವಂತೆ ತೋರಿಸಬಾರದು, ಕನಸಿನಲ್ಲಿ ಕಾಣುವಂತೆ ತೋರಿಸಬೇಕೆಂಬ ತತ್ತ್ವ. ತತ್ತ್ವ ಸರಿಯೋ ತಪ್ಪೋ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದ ಹದಿಹರೆಯದ ಹುಡುಗಿಗೆ ಅದರಿಂದ ಯಾವ ಸಹಾಯವೂ ಇಲ್ಲ.

ಪ್ರದರ್ಶನ ಕೆಟ್ಟದ್ದಕ್ಕೆ ಹೊಣೆಯನ್ನು ಸಾಮಾನ್ಯವಾಗಿ ತಾಯಿ ಅರ್ಕಾದಿನಾಳ ಮೇಲೆ ಹೊರಿಸುವುದು ವಾಡಿಕೆ. ಅವಳ ನಡತೆ ಕ್ರೂರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವಳು ಕಸುಬುದಾರಳು. ಗಂಧಕದ ವಾಸನೆ ಮೂಗಿಗೆ ಬಡಿದಾಗ ಅದು ಬೇಕೆಂದೇ ಮಾಡಿದ ಏರ್ಪಾಡೋ ಎಂದು ಕೇಳಿ ನಗುವುದು ಅಂಥ ಏರ್ಪಾಡುಗಳನ್ನು ನೂರು ಸಲ ಕಂಡವಳ ನಗು. ಪ್ರೇಕ್ಷಕನ ನಗೆಯನ್ನು ನುಂಗಿಕೊಂಡು ಆಟವನ್ನು ಮುಂದುವರಿಸುವುದು ನೇಪಥ್ಯದ ಮೊದಲ ಪಾಠ. ಪರದೆ ಬೀಳಿಸಿದವನು ತ್ರೆಪ್ಲೆಫನೇ ಹೊರತು ಅರ್ಕಾದಿನಾ ಅಲ್ಲ. ಬೀಳಿಸಿದ ಮೇಲೆ ತಾಯಿಯನ್ನು ಹಂಗಿಸಿ ಹೊರಟುಹೋಗುತ್ತಾನೆ. ಪರದೆಯ ಹಿಂದೆ ನಟಿಯೊಬ್ಬಳಿದ್ದಾಳೆ, ಅವಳ ಪಾತ್ರ ಅರ್ಧಕ್ಕೆ ನಿಂತಿದೆ, ಆಟ ಮುಂದುವರಿಯುವುದೋ ಇಲ್ಲವೋ ಎಂದು ಅವಳಿಗೆ ತಿಳಿಸಬೇಕು ಎಂಬ ಪರಿಜ್ಞಾನವೂ ಅವನಿಗಿಲ್ಲ. ಇತ್ತ ಪ್ರೇಕ್ಷಕರು ಹರಟುತ್ತಾರೆ, ಸರೋವರದಾಚೆಯ ಹಾಡನ್ನು ಕೇಳುತ್ತಾರೆ, ಹಳೆಯ ದಿನಗಳನ್ನು ನೆನೆಯುತ್ತಾರೆ. ಎಷ್ಟೋ ಹೊತ್ತಿನ ಮೇಲೆ ನೀನಾ ತಾನಾಗಿಯೇ ಹೊರಬಂದು, ಇನ್ನು ಮುಂದುವರಿಯುವಂತೆ ತೋರುವುದಿಲ್ಲವೆಂದು ತಾನೇ ತೀರ್ಮಾನಿಸಿಕೊಳ್ಳುತ್ತಾಳೆ. ಈ ಅಂಕದ ನಿಜವಾದ ನಿಷ್ಠುರತೆ ಅರ್ಕಾದಿನಾಳ ಹಾಸ್ಯದಲ್ಲಿಲ್ಲ, ಹೇಳಿಕಳಿಸುವವರಿಲ್ಲದ ಆ ಕಾಯುವಿಕೆಯಲ್ಲಿದೆಯೆಂದು ನಮಗೆ ತೋರುತ್ತದೆ.

ಮೊಳೆ ಹೊಡೆದ ಯಾಕೋವನನ್ನು ವಿಮರ್ಶೆ ಪೂರ್ಣವಾಗಿ ಮರೆತಿದೆ, ಚೆಕಾಫ್ ಮರೆತಿಲ್ಲ. ಮೂರನೆಯ ಅಂಕದ ಕೊನೆಯಲ್ಲಿ ಅರ್ಕಾದಿನಾ ಊರಿಗೆ ಹೊರಟು ನಿಂತಾಗ ಆಳುಮಕ್ಕಳಿಗೆ ಒಂದು ರೂಬಲ್ ಕೊಡುತ್ತಾಳೆ, ಮೂವರೂ ಹಂಚಿಕೊಳ್ಳಬೇಕೆಂಬ ಕಟ್ಟಳೆಯೊಡನೆ. ಆ ಮೂವರಲ್ಲಿ ಯಾಕೋವನೂ ಒಬ್ಬ. ಅವಳಿಗೆ ಒಡೆಸ್ಸಾ ನಗರದ ಬ್ಯಾಂಕಿನಲ್ಲಿ ಎಪ್ಪತ್ತು ಸಾವಿರವಿದೆಯೆಂದು ಮಗನಿಂದ ಮೊದಲೇ ಕೇಳಿರುತ್ತೇವೆ. ರಂಗದ ಮೇಲೆ ಹೆಸರು ಗಳಿಸಿದವಳಿಗೆ ಎಪ್ಪತ್ತು ಸಾವಿರ, ಪರದೆ ಎತ್ತಿದವನಿಗೆ ರೂಬಲಿನಲ್ಲಿ ಮೂರನೆಯ ಒಂದು ಪಾಲು. ನಾಟಕಕಾರ ಇದರ ಮೇಲೆ ಒಂದು ಟೀಕೆಯನ್ನೂ ಮಾಡುವುದಿಲ್ಲ.

ನಾಲ್ಕನೆಯ ಅಂಕಕ್ಕೆ ಬರುವಾಗ ನಾಟಕದೊಳಗೆ ಎರಡು ವರ್ಷ ಕಳೆದಿದೆ. ಗಾಳಿ ಬೀಸುವ ಕತ್ತಲೆಯ ರಾತ್ರಿ. ಉಪಾಧ್ಯಾಯ ಮೆದ್ವೆದೆಂಕೊ ತೋಟದಲ್ಲಿರುವ ಆ ಹಳೆಯ ಮಂಚದ ಮಾತೆತ್ತುತ್ತಾನೆ: ಅದು ಎಲುಬಿನ ಗೂಡಿನಂತೆ ನಿಂತಿದೆ, ಪರದೆ ಗಾಳಿಗೆ ಬಡಿದುಕೊಳ್ಳುತ್ತಿದೆ, ಅದನ್ನು ಕೆಡವಿಸಬೇಕು, ಹಿಂದಿನ ರಾತ್ರಿ ಅಲ್ಲಿ ಯಾರೋ ಅಳುತ್ತಿದ್ದಂತೆ ಕೇಳಿಸಿತು. ಅತ್ತವಳು ನೀನಾ ಎಂಬುದು ಅನಂತರ ತಿಳಿಯುತ್ತದೆ. ಈ ಚಿತ್ರದ ಕಾವ್ಯಗುಣವನ್ನು ಎಲ್ಲರೂ ಮೆಚ್ಚಿದ್ದಾರೆ. ಅದರ ಸರಳ ವಾಚ್ಯಾರ್ಥ ಮಾತ್ರ ಕಣ್ಣಿಗೆ ಬಿದ್ದಂತಿಲ್ಲ: ಆಟ ಮುಗಿದ ಮೇಲೆ ಮಂಚವನ್ನು ಬಿಚ್ಚಿಸುವ ಕೆಲಸ ಆಡಿಸಿದವನದು. ಎರಡು ವರ್ಷವಾದರೂ ತ್ರೆಪ್ಲೆಫ್ ಅದನ್ನು ಮಾಡಿಸಿಲ್ಲ. ಅದೇ ಮನೆಯಲ್ಲಿದ್ದಾನೆ, ಲೇಖಕನೆಂದು ಹೆಸರು ಪಡೆದಿದ್ದಾನೆ, ದಿನವೂ ಕಿಟಕಿಯಿಂದ ಅದನ್ನು ಕಾಣಬಲ್ಲನು. ಕಟ್ಟುವಾಗಿನ ಉತ್ಸಾಹ ಬಿಚ್ಚುವಾಗ ಇರುವುದಿಲ್ಲವೆಂಬುದು ಕಾಲೇಜುಗಳ ವಾರ್ಷಿಕೋತ್ಸವವನ್ನು ಕಂಡ ಯಾರಿಗೂ ತಿಳಿದ ಸಂಗತಿ. ಮರುದಿನ ಬಾಡಿಗೆಯ ಪರದೆಗಳನ್ನು ಮಡಿಸಲು ಸಿಕ್ಕುವವರು ಜವಾನನೂ ಒಬ್ಬಿಬ್ಬರು ಹಳ್ಳಿಯ ಹುಡುಗರೂ ಮಾತ್ರ.

ಇದಕ್ಕೆ ಎದುರಾಗಿ ನೀನಾಳ ಹಾದಿಯನ್ನು ನೋಡಬೇಕು. ಅವಳು ಮೊದಲು ರಂಗವೇರಿದ್ದು ಮಾಸ್ಕೋ ಬಳಿಯ ಒಂದು ದಾಚಾ ನಾಟಕಶಾಲೆಯಲ್ಲಿ, ಆಮೇಲೆ ಪ್ರಾಂತಗಳಿಗೆ ಹೋದಳು ಎಂದು ತ್ರೆಪ್ಲೆಫ್ ವೈದ್ಯ ಡೋರ್ನನಿಗೆ ತಿಳಿಸುತ್ತಾನೆ. ಒಂದೇ ವಾಕ್ಯದಲ್ಲಿ ಬಂದು ಹೋಗುವ ಈ ಮಾಹಿತಿಯನ್ನು ಆ ಕಾಲದ ರಷ್ಯನ್ ಪ್ರೇಕ್ಷಕ ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿರಬೇಕು. ದಾಚಾ ರಂಗದಲ್ಲಿ ಮೊದಲ ಹೆಜ್ಜೆಯಿಟ್ಟಳೆಂದರೆ ಗುರುವಿಲ್ಲದೆ, ತಾಲೀಮಿಲ್ಲದೆ, ಕೈಗೆ ಸಿಕ್ಕ ದೊಡ್ಡ ಪಾತ್ರವನ್ನು ಒಪ್ಪಿಕೊಂಡು ಪ್ರೇಕ್ಷಕರ ಎದುರಿಗೇ ಕಲಿತಳೆಂದು ಅರ್ಥ. ಅವಳ ಅಭಿನಯ ಒರಟಾಗಿತ್ತು, ಕೂಗಾಟವಿತ್ತು, ಕೆಲವು ಕ್ಷಣಗಳಲ್ಲಿ ಮಾತ್ರ ಪ್ರತಿಭೆ ಮಿಂಚುತ್ತಿತ್ತು ಎಂದು ತ್ರೆಪ್ಲೆಫ್ ವರದಿ ಮಾಡುತ್ತಾನೆ. ಹಲವರು ಇದನ್ನೇ ನೀನಾಳ ಕಲೆಯ ಮೇಲಿನ ಅಂತಿಮ ತೀರ್ಪೆಂದು ಹಿಡಿಯುತ್ತಾರೆ. ಆದರೆ ಸಾಕ್ಷಿ ಯಾರು? ತಾನು ನಟಿಯನ್ನು ಪರದೆಯ ಹಿಂದೆ ಬಿಟ್ಟು ಓಡಿಹೋದವನು. ಅವನು ಸಭಿಕರ ನಡುವೆ ಕುಳಿತು ಕಂಡದ್ದು ದೋಷ. ಆ ದೋಷದ ಕಾರಣವನ್ನು ಬಲ್ಲವಳು ನೀನಾ. ಕೊನೆಯ ಭೇಟಿಯಲ್ಲಿ ಅವಳು ತನ್ನ ಕೊರತೆಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾಳೆ: ಕೈಗಳನ್ನು ಏನು ಮಾಡಬೇಕೆಂದು ತಿಳಿಯದು, ನಿಲ್ಲಲು ಬಾರದು, ಕಂಠ ಹಿಡಿತಕ್ಕೆ ಸಿಗದು. ಕೊರತೆಯನ್ನು ಹೀಗೆ ಬಿಡಿಬಿಡಿಯಾಗಿ ಗುರುತಿಸಬಲ್ಲವಳು ಅದನ್ನು ಅರ್ಧ ದಾಟಿದ್ದಾಳೆ. ಅವಳ ಮುಂದಿರುವುದು ಎಲೆತ್ಸ್ ಎಂಬ ಪ್ರಾಂತದ ಊರಿನ ಚಳಿಗಾಲದ ಕರಾರು, ರೈಲಿನ ಮೂರನೆಯ ದರ್ಜೆಯ ಪ್ರಯಾಣ, ಅಲ್ಲಿಯ ವರ್ತಕರ ಕಾಟ. ಇದನ್ನು ಅವಳು ದೂರಾಗಿ ಹೇಳುವುದಿಲ್ಲ, ಕಸುಬಿನ ಭಾಗವೆಂದು ಹೇಳುತ್ತಾಳೆ. ನೀನಾ ಹುಚ್ಚಿಯಾಗಿದ್ದಾಳೆ, ಸೋತಿದ್ದಾಳೆ ಎಂದು ಅಭಿನಯಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ದಣಿದಿದ್ದಾಳೆ, ಹಸಿದಿದ್ದಾಳೆ, ಪ್ರೀತಿಯ ಗಾಯ ಮಾದಿಲ್ಲ, ಇಷ್ಟು ನಿಜ. ಆದರೆ ಆ ಕೋಣೆಯಲ್ಲಿರುವ ಇಬ್ಬರಲ್ಲಿ ಮರುದಿನ ಬೆಳಗ್ಗೆ ಮಾಡಬೇಕಾದ ಕೆಲಸವೇನೆಂದು ತಿಳಿದಿರುವವಳು ಅವಳೊಬ್ಬಳೇ.

ಚರಿತ್ರೆಯಲ್ಲಿ ಇದಕ್ಕೆ ಒಂದು ಸಮರ್ಥನೆ ದೊರೆಯುತ್ತದೆ. 1896ರ ಅಕ್ಟೋಬರ್ 17ರಂದು (ಹಳೆಯ ರಷ್ಯನ್ ಪಂಚಾಂಗದಂತೆ) ಪೀಟರ್ಸ್‌ಬರ್ಗಿನ ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದಲ್ಲಿ ನೀನಾಳ ಪಾತ್ರವನ್ನು ಮೊದಲು ಆಡಿದ ವೇರಾ ಕೊಮಿಸ್ಸಾರ್‌ಜೆವ್‌ಸ್ಕಾಯಾ ಇಂಥದೇ ಹಾದಿಯಲ್ಲಿ ಬಂದವಳು. 1893ರಲ್ಲಿ ನೊವೊಚೆರ್ಕಾಸ್ಕ್ ಎಂಬ ಪ್ರಾಂತದ ಊರಿನಲ್ಲಿ ವೃತ್ತಿಗೆ ಕಾಲಿಟ್ಟು ಒಂದೇ ಋತುವಿನಲ್ಲಿ ಐವತ್ತಕ್ಕೂ ಮೇಲ್ಪಟ್ಟು ಪಾತ್ರಗಳನ್ನು ಆಡಿದವಳು. 1894ರ ಬೇಸಗೆಯನ್ನು ರಾಜಧಾನಿಯ ಹೊರವಲಯದ ದಾಚಾ ರಂಗಗಳಲ್ಲಿ ಕಳೆದವಳು. ಆ ಪಾತ್ರವನ್ನು ಮೊದಲು ಒಪ್ಪಿಕೊಂಡಿದ್ದ ಸಾವಿನಾ ಎಂಬ ಪ್ರಖ್ಯಾತ ನಟಿ ಪ್ರದರ್ಶನ ಹತ್ತಿರವಾದಾಗ ಬಿಟ್ಟುಕೊಟ್ಟದ್ದರಿಂದ ಅದು ಕೊಮಿಸ್ಸಾರ್‌ಜೆವ್‌ಸ್ಕಾಯಾಳ ಪಾಲಿಗೆ ಬಂತು. ಬರೆಹದಲ್ಲಿದ್ದ ನೀನಾ ರಂಗಕ್ಕೆ ಬರುವ ವೇಳೆಗೆ ನಿಜವಾದ ನೀನಾ ಒಬ್ಬಳು ಸಿದ್ಧಳಾಗಿದ್ದಳೆಂದರೆ ಸಲ್ಲುತ್ತದೆ.

ಆದರೂ ಆ ರಾತ್ರಿ ನಾಟಕ ನೆಲಕಚ್ಚಿತು. ಕಾರಣಗಳನ್ನು ನಾಟಕದ ಹೊಸತನದಲ್ಲಿ ಹುಡುಕುವುದು ಪದ್ಧತಿ. ನೇಪಥ್ಯದಲ್ಲಿ ಹುಡುಕಿದರೆ ಇನ್ನೂ ಸುಲಭವಾಗಿ ಸಿಗುತ್ತವೆ. ಪ್ರಯೋಗ ನಡೆದದ್ದು ಲೆವ್‌ಕೆಯೆವಾ ಎಂಬ ಜನಪ್ರಿಯ ಹಾಸ್ಯನಟಿಯ ಸಹಾಯಾರ್ಥ ಪ್ರದರ್ಶನವಾಗಿ. ನಮ್ಮ ಕಂಪೆನಿಗಳ ‘ಬೆನಿಫಿಟ್ ನೈಟ್’ ಇದ್ದಂತೆಯೇ. ಅವಳ ಅಭಿಮಾನಿಗಳು ನಗುವುದಕ್ಕೆಂದು ಟಿಕೆಟ್ಟು ಕೊಂಡು ಬಂದಿದ್ದರು, ‘ಕಡಲಹಕ್ಕಿ’ಯಲ್ಲಿ ಅವಳಿಗೆ ಪಾತ್ರವೇ ಇರಲಿಲ್ಲ. ತಾಲೀಮುಗಳು ನಡೆದದ್ದು ಹತ್ತಕ್ಕಿಂತ ಕಡಮೆ. ನಟರು ಮಾತುಗಳನ್ನು ಕಲಿತಿಲ್ಲವೆಂಬ ಕಳವಳ ಚೆಕಾಫನಿಗೆ ಮೊದಲೇ ಇತ್ತು. ಪ್ರದರ್ಶನದ ನಡುವೆ ಅವನು ಸಭೆಯಿಂದೆದ್ದು ನೇಪಥ್ಯಕ್ಕೆ ಹೋಗಿ ಕುಳಿತ. ಮರುದಿನವೇ ಊರು ಬಿಟ್ಟ. ಮುಂದಿನ ಪ್ರದರ್ಶನಗಳು ಅಷ್ಟು ಕೆಡಲಿಲ್ಲವೆಂಬುದನ್ನೂ ಹೇಳಬೇಕು. ಸಭೆಯಲ್ಲಿ ಲೆವ್‌ಕೆಯೆವಾಳ ಅಭಿಮಾನಿಗಳಿರಲಿಲ್ಲ, ನಟರಿಗೆ ಒಂದಿಷ್ಟು ರೂಢಿಯಾಗಿತ್ತು, ಅಷ್ಟೆ. ನಾಟಕ ಅದೇ ನಾಟಕ.

ಇದೇ ನಾಟಕ ಎರಡು ವರ್ಷಗಳ ಮೇಲೆ, 1898ರ ಡಿಸೆಂಬರ್ 17ರಂದು ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಗೆದ್ದ ಕತೆ ಎಲ್ಲರಿಗೂ ಪರಿಚಿತ. ಆ ಗೆಲುವಿನ ಬೇರು ಒಂದು ಬೇಸಗೆಯ ರಂಗದಲ್ಲಿದೆಯೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. 1897ರ ಜೂನ್ 22ರಂದು ಸ್ಟಾನಿಸ್ಲಾವ್‌ಸ್ಕಿಯೂ ನೆಮಿರೊವಿಚ್-ದಾನ್‌ಚೆಂಕೊನೂ ‘ಸ್ಲಾವ್ಯಾನ್‌ಸ್ಕಿ ಬಜಾರ್’ ಭೋಜನಶಾಲೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕುಳಿತು ಮರುದಿನ ಬೆಳಗ್ಗೆ ಎಂಟರವರೆಗೆ ಮಾತನಾಡಿದರು. ಆ ಮಾತಿನಲ್ಲಿ ಕಲೆಯ ಆದರ್ಶಗಳಷ್ಟೇ ನಟರ ಕೋಣೆಗಳ ವಿಚಾರವೂ ಇತ್ತು. ನಾಟಕಶಾಲೆಗಳಲ್ಲಿ ಮುಕ್ಕಾಲು ಭಾಗ ಪ್ರೇಕ್ಷಕರ ಸೌಕರ್ಯಕ್ಕೆ, ಉಪಾಹಾರದ ಕೋಣೆಗೆ, ಓಡಾಡುವ ಹಜಾರಕ್ಕೆ ಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ ಸಾಮಾನೂ ಉಡುಪೂ ಹೋಗಿ ನಟನಿಗೆ ಸಿಕ್ಕುವುದು ಕಿಟಕಿಯಿಲ್ಲದ, ಧೂಳು ತುಂಬಿದ ಗೂಡು ಎಂದು ಸ್ಟಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲಿ ನೊಂದು ಬರೆದಿದ್ದಾನೆ. ನಟನಿಂದ ಶಿಸ್ತನ್ನು ಕೇಳುವ ಮೊದಲು ಅವನಿಗೆ ಮನುಷ್ಯರಿರಬಹುದಾದ ಜಾಗವನ್ನು ಕೊಡಬೇಕೆಂಬುದು ಅವರಿಬ್ಬರ ನಿರ್ಣಯಗಳಲ್ಲೊಂದು.

1898ರ ಜೂನ್ 14ರಂದು ಹೊಸ ತಂಡ ಮಾಸ್ಕೋ ಬಳಿಯ ಪುಷ್ಕಿನೊ ಎಂಬ ದಾಚಾ ಊರಿನಲ್ಲಿ ಕಲೆಯಿತು. ಸ್ನೇಹಿತನೊಬ್ಬನ ತೋಟದಲ್ಲಿದ್ದ ಕಣಜವನ್ನು ರಂಗವಾಗಿ ಮಾರ್ಪಡಿಸಿದ್ದರು. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಒಂದು ತಾಲೀಮು. ಆಮೇಲೆ ನದಿಯಲ್ಲಿ ಸ್ನಾನ, ಊಟ. ಎಂಟರಿಂದ ಹನ್ನೊಂದರವರೆಗೆ ಮತ್ತೊಂದು. ಸುತ್ತಲಿನ ಮನೆಗಳನ್ನು ಬಾಡಿಗೆಗೆ ಹಿಡಿದು, ಅಡಿಗೆಯ ಹೊಣೆ ಒಬ್ಬರಿಗೆ, ಶುಚಿತ್ವದ ಹೊಣೆ ಇನ್ನೊಬ್ಬರಿಗೆ ಎಂದು ಹಂಚಿಕೊಂಡು ನಟರು ಒಟ್ಟಾಗಿ ಬಾಳಿದರು. ಆಳುಗಳಿರಲಿಲ್ಲ, ಕಣಜವನ್ನು ಗುಡಿಸಿ ಒಪ್ಪಮಾಡುವ ಸರದಿ ಎಲ್ಲರಿಗೂ ಬರುತ್ತಿತ್ತು. ಮೊದಲ ಸರದಿ ಸ್ಟಾನಿಸ್ಲಾವ್‌ಸ್ಕಿಯದು. ಶ್ರೀಮಂತ ಕಾರ್ಖಾನೆಯ ಮನೆತನದವನಾದ ಅವನು ನೀರು ಹಾಕದೆಯೇ ಚಹದ ಸಮೋವಾರಿಗೆ ಬೆಂಕಿ ಹಾಕಿದ. ಅದರ ಬೆಸುಗೆ ಕರಗಿ ಹಾಳಾಯಿತು. ಪೊರಕೆ ಹಿಡಿಯುವುದನ್ನೂ ಕಸ ತುಂಬುವುದನ್ನೂ ಆಗ ತಾನಿನ್ನೂ ಕಲಿತಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಮೊದಮೊದಲು ಜಗಳಗಳಾದವು, ಶಿಸ್ತಿಗೆ ಒಗ್ಗದವರು ಹೊರಗೆ ಹೋಗಬೇಕಾಯಿತು. ಆ ಬೇಸಗೆಯಲ್ಲಿ ಹೆಚ್ಚಿನ ದುಡಿಮೆ ‘ತ್ಸಾರ್ ಫ್ಯೋದೊರ್’ ಮೊದಲಾದ ಬೇರೆ ನಾಟಕಗಳ ಮೇಲೆ ಸಂದಿತು, ‘ಕಡಲಹಕ್ಕಿ’ಯ ಸರದಿ ಅನಂತರದ್ದು. ಆದರೆ ಮಂಚವನ್ನು ಕಟ್ಟುವವರೂ ಗುಡಿಸುವವರೂ ಆಡುವವರೂ ಒಬ್ಬರೇ ಆದ ಆ ಅಭ್ಯಾಸ ಇಲ್ಲದಿದ್ದರೆ ಡಿಸೆಂಬರಿನ ಪ್ರದರ್ಶನ ಸಾಧ್ಯವಾಗುತ್ತಿರಲಿಲ್ಲ. ತ್ರೆಪ್ಲೆಫನ ಪಾತ್ರ ವಹಿಸಿದ ಮೆಯರ್‌ಹೋಲ್ಡ್, ಅರ್ಕಾದಿನಾಳಾಗಿದ್ದ ಓಲ್ಗಾ ನಿಪ್ಪರ್ ಇಬ್ಬರೂ ಪುಷ್ಕಿನೊದ ಕಣಜದಿಂದ ಬಂದವರು.

ವಿಧಿಯ ವಿನೋದವೋ ಎಂಬಂತೆ, ಆ ಚಳಿಗಾಲದ ಪ್ರದರ್ಶನ ನಡೆದ ಕಟ್ಟಡವೂ ಬೇಸಗೆಯ ವಿಹಾರದ ತಾಣವೇ. ಕಾರೆತ್ನಿ ಬೀದಿಯ ‘ಹರ್ಮಿಟೇಜ್’ ಒಂದು ಉದ್ಯಾನದ ನಾಟಕಶಾಲೆ. ಬೇಸಗೆಯಲ್ಲಿ ಹೊರಗೆ ವಿನೋದಾವಳಿಗಳು ನಡೆದು, ಹವೆ ಕೆಟ್ಟರೆ ಒಳಗೆ ಬರುತ್ತಿದ್ದುವು. ತಂಡ ಅದನ್ನು ಬಾಡಿಗೆಗೆ ಹಿಡಿದಾಗ ಬಿಯರಿನ ವಾಸನೆ ಇನ್ನೂ ಹೋಗಿರಲಿಲ್ಲ. ನಟರ ಕೋಣೆಯೊಂದರಲ್ಲಿ ಮೊಳೆ ಹೊಡೆಯಲು ಹೋದಾಗ ಇಟ್ಟಿಗೆಯೇ ಆಚೆಗೆ ಬಿದ್ದು ಗೋಡೆಯ ತೂತಿನಿಂದ ಹೊರ ಹವೆ ನುಗ್ಗಿತು. ಕಾಯಿಸುವ ವ್ಯವಸ್ಥೆ ಕೆಟ್ಟಾಗ, ಗೋಡೆಗೆ ಹೆಪ್ಪುಗಟ್ಟಿ ಅಂಟಿದ್ದ ಉಡುಪನ್ನು ಕಿತ್ತು ತೊಟ್ಟುಕೊಳ್ಳಬೇಕಾಗಿ ಬಂದದ್ದನ್ನು ಸ್ಟಾನಿಸ್ಲಾವ್‌ಸ್ಕಿ ನೆನೆದಿದ್ದಾನೆ. ಸರೋವರದ ದಂಡೆಯ ಬೇಸಗೆಯ ಸಂಜೆಯನ್ನು ಡಿಸೆಂಬರಿನ ಹಿಮದಲ್ಲಿ ಆಡಿದವರ ಸ್ಥಿತಿ ಇದು. ಮೊದಲ ರಾತ್ರಿ ನಟರೆಲ್ಲ ನರಗಳ ಶಾಂತಿಗೆಂದು ಔಷಧದ ಹನಿಗಳನ್ನು ಕುಡಿದು ರಂಗಕ್ಕೆ ಬಂದಿದ್ದರಂತೆ. ಪ್ರೇಕ್ಷಕರಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕುಳಿತು ತ್ರೆಪ್ಲೆಫನ ನಾಟಕವನ್ನು ನೋಡಿದ ಅವರ ಬೆನ್ನುಗಳು ಎಷ್ಟು ನಡುಗುತ್ತಿದ್ದುವೋ ಊಹಿಸಬಹುದು.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ, ಅದು ನ್ಯಾಯವಾದದ್ದು. ನೇಪಥ್ಯದ ದುಡಿಮೆಯೇ ನಾಟಕವನ್ನು ಗೆಲ್ಲಿಸುತ್ತದೆಂದರೆ ಕವಿಯ ಪಾಲೇನು? 1898ರ ಸೆಪ್ಟೆಂಬರಿನಲ್ಲಿ ಚೆಕಾಫ್ ಮಾಸ್ಕೋದಲ್ಲಿ ತಾಲೀಮು ನೋಡಲು ಬಂದಾಗ, ಪರದೆಯ ಹಿಂದೆ ಕಪ್ಪೆಗಳು ಕೂಗಲಿವೆ, ನಾಯಿಗಳು ಬೊಗಳಲಿವೆ ಎಂದು ನಟನೊಬ್ಬ ಹೆಮ್ಮೆಯಿಂದ ತಿಳಿಸಿದನು. ಚೆಕಾಫನಿಗೆ ಅದು ಹಿಡಿಸಲಿಲ್ಲ. ಚಿತ್ರಕಾರ ಬರೆದ ಮುಖದಲ್ಲಿ ಮೂಗನ್ನು ಕತ್ತರಿಸಿ ನಿಜವಾದ ಮೂಗನ್ನು ತೂರಿಸಿದರೆ ಮೂಗು ನಿಜವಾದೀತು, ಚಿತ್ರ ಕೆಟ್ಟೀತು ಎಂಬರ್ಥದ ಮಾತನ್ನು ಅವನು ಆಗ ಆಡಿದುದನ್ನು ಮೆಯರ್‌ಹೋಲ್ಡ್ ಬರೆದಿಟ್ಟಿದ್ದಾನೆ. 1899ರ ವಸಂತದಲ್ಲಿ ತನಗಾಗಿ ಏರ್ಪಡಿಸಿದ ಪ್ರದರ್ಶನವನ್ನು ಕಂಡಾಗಲೂ ನೀನಾಳ ಪಾತ್ರಧಾರಿಯನ್ನೂ ತ್ರಿಗೋರಿನ್ ಆಗಿದ್ದ ಸ್ಟಾನಿಸ್ಲಾವ್‌ಸ್ಕಿಯನ್ನೂ ಅವನು ಮೆಚ್ಚಲಿಲ್ಲ. ಶಿಸ್ತು ಪ್ರತಿಭೆಗೆ ಬದಲಾಗದು. ನೇಪಥ್ಯ ಮಿತಿಮೀರಿದರೆ ಗಂಧಕದ ಜಾಗದಲ್ಲಿ ಕಪ್ಪೆ ಬಂದು ಕೂರುತ್ತದೆ, ಅಷ್ಟೆ. ನಮ್ಮ ವಾದ ಇದಕ್ಕಿಂತ ಚಿಕ್ಕದು. ನೇಪಥ್ಯದ ದುಡಿಮೆ ನಾಟಕವನ್ನು ಗೆಲ್ಲಿಸದಿರಬಹುದು, ಆದರೆ ಅದನ್ನು ತಾತ್ಸಾರ ಮಾಡಿದವನ ನಾಟಕ ಗೆಲ್ಲುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ. ಚೆಕಾಫ್ ಇದನ್ನು ಮೊದಲ ಅಂಕದಲ್ಲಿಯೇ ತೋರಿಸಿದ್ದಾನೆ; ಆಮೇಲೆ ಅದು ಅವನ ತಲೆಯ ಮೇಲೆಯೇ ಬಂತು.

ಇದು ಹಳೆಯ ರಷ್ಯಕ್ಕೆ ಮಾತ್ರ ಸೇರಿದ ವಿಚಾರವೂ ಅಲ್ಲ. ಅಮೆರಿಕದ ವಿಲಿಯಮ್ಸ್‌ಟೌನ್ ಊರಿನಲ್ಲಿ 1955ರಲ್ಲಿ ಆರಂಭವಾದ ಬೇಸಗೆಯ ನಾಟಕೋತ್ಸವ ಚೆಕಾಫನ ಪ್ರಯೋಗಗಳಿಗೆ ಹೆಸರಾದದ್ದು. ಅಲ್ಲಿಯ ‘ಕಡಲಹಕ್ಕಿ’ ದೂರದರ್ಶನಕ್ಕಾಗಿ ಚಿತ್ರಿತವಾಗಿ ಹೊರಗಿನವರಿಗೂ ತಲುಪಿತು. ಅಲ್ಲಿ ಬಹುಕಾಲ ಕಲಿಕೆಯ ಅಭ್ಯರ್ಥಿಗಳೆಂದು ಸೇರಿದ ಯುವಕಯುವತಿಯರು ತಾವೇ ಶುಲ್ಕ ತೆತ್ತು ಮಂಚ ಕಟ್ಟುವ, ಬಿಚ್ಚುವ, ಹೊರುವ ಕೆಲಸಗಳನ್ನು ಮಾಡುತ್ತಿದ್ದರು. 2021ರಲ್ಲಿ ಬಯಲು ಪ್ರಯೋಗವೊಂದರ ಕೆಲಸದಲ್ಲಿ ಮಳೆಯ ನಡುವೆ ದುಡಿಯಬೇಕಾಗಿ ಬಂದ ಧ್ವನಿವಿಭಾಗದವರು ಕೆಲಸ ಬಿಟ್ಟು ಹೊರನಡೆದರು. ಹಳೆಯ ಅಭ್ಯರ್ಥಿಗಳ ದೂರುಗಳು ಪತ್ರಿಕೆಗಳಲ್ಲಿ ಬಂದುವು. ಮರುವರ್ಷ ಆ ಪದ್ಧತಿಯನ್ನು ಕೈಬಿಡಲಾಯಿತು. ಬೇಸಗೆಯ ರಂಗ ಕಲಿಸುತ್ತದೆ ಎಂಬ ಮಾತು ನಿಜ, ನೀನಾ ಅದಕ್ಕೆ ಸಾಕ್ಷಿ. ಆ ಮಾತನ್ನು ಕೂಲಿ ಕೊಡದಿರುವುದಕ್ಕೆ ನೆವ ಮಾಡಿಕೊಳ್ಳುವುದು ಬೇರೆ. ಅರ್ಕಾದಿನಾಳ ಒಂದು ರೂಬಲಿನ ವಂಶದ್ದು ಅದು.

ನಮ್ಮ ಕಾಲೇಜುಗಳಲ್ಲಿ ‘ಕಡಲಹಕ್ಕಿ’ಯನ್ನು ಆಡಿಸುವವರಿಗೆ ಒಂದು ಸೂಚನೆಯನ್ನು ಮಾಡಬಹುದು. ಎರಡು ಗಂಟೆಯೊಳಗೆ ಮುಗಿಸಬೇಕೆಂದು ಕತ್ತರಿ ಹಿಡಿದಾಗ ಮೊದಲು ಹಾರಿಹೋಗುವುವು ಯಾಕೋವನ ಮಾತುಗಳು, ಗಂಧಕದ ವಿಚಾರಣೆ, ನಾಲ್ಕನೆಯ ಅಂಕದಲ್ಲಿ ಮೆದ್ವೆದೆಂಕೊ ಮಂಚವನ್ನು ಕುರಿತು ಆಡುವ ಮಾತು. ಕತೆಗೆ ಇವು ಬೇಕಿಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ಬೇಕಾದರೆ ತ್ರಿಗೋರಿನ್ನನ ಸ್ವಗತಪ್ರಾಯವಾದ ದೀರ್ಘ ಭಾಷಣವನ್ನು ಅರ್ಧಕ್ಕೆ ಇಳಿಸಬಹುದು, ಇವನ್ನು ಉಳಿಸಿಕೊಳ್ಳಬೇಕು. ಮೊದಲ ಅಂಕದ ಸುತ್ತಿಗೆಯ ಸದ್ದನ್ನು ಮಾಡಲು, ಕಾಲೇಜಿನ ಮಂಚಕ್ಕೆ ನಿಜವಾಗಿ ಮೊಳೆ ಹೊಡೆದ ಹುಡುಗರನ್ನೇ ಪರದೆಯ ಹಿಂದೆ ನಿಲ್ಲಿಸಿ, ಅವರ ಹೆಸರುಗಳನ್ನು ಪಾತ್ರವರ್ಗದ ಪಟ್ಟಿಯಲ್ಲಿ ಯಾಕೋವನ ಹೆಸರಿನ ಕೆಳಗೆ ಅಚ್ಚುಹಾಕಿಸಬಹುದು.